ಸ್ಪ್ಯಾನಿಷ್ ಕಲಿಯುವಾಗ ನಡುವೆ ಇಂಗ್ಲಿಷ್ ಯಾಕೆ?

ನಮ್ಮಲ್ಲಿ ಸಿಗುವ ಸ್ಪ್ಯಾನಿಷ್ ಪಾಠದ ಪುಸ್ತಕಗಳು ಹೆಚ್ಚೂಕಮ್ಮಿ ಎಲ್ಲವೂ ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಆ್ಯಪ್‌ಗಳೂ ಅಷ್ಟೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವು ‘ಇಲ್ಲಿ ಹುಷಾರು’ ಅಂತ ಹೇಳುವ ಜಾಗಗಳೆಲ್ಲ ಇಂಗ್ಲಿಷಿನವರು ಎಡವುವ ಜಾಗಗಳು. ಕನ್ನಡದವರು ಎಡವುವುದು ಬೇರೆ ಕಡೆ. ಅಲ್ಲಿ ಎಚ್ಚರಿಸುವವರು ಯಾರೂ ಇಲ್ಲ.

ನನ್ನ ಕೆಲಸ ಮೆಕ್ಸಿಕೋ, ಕೊಲಂಬಿಯಾ ಕಡೆಯ ಗ್ರಾಹಕರ ಜೊತೆ. ಭಾನುವಾರ ಬೆಳಿಗ್ಗೆ ಒಂದಷ್ಟು ಜನಕ್ಕೆ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಒಬ್ಬರು ನರ್ಸ್, ಇಬ್ಬರು ಓದೋಕೆ ಸ್ಪೇನಿಗೆ ಹೊರಟವರು, ಒಬ್ಬರು ರಿಟೈರ್ ಆದ ಮೇಷ್ಟ್ರು, ಸುಮ್ನೆ ಆಸೆಗೆ ಕಲಿಯುವವರು. ಎಲ್ಲರೂ ಪುಸ್ತಕ ಹಿಡಿದು ಸ್ಪ್ಯಾನಿಷನ್ನ ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾರೆ, ಆಮೇಲೆ ಮನಸ್ಸಿನಲ್ಲೇ ಕನ್ನಡಕ್ಕೆ. ಈ ಮಧ್ಯವರ್ತಿಯ ಕಮಿಷನ್ ಜಾಸ್ತಿ ಆಯ್ತು ಅನ್ನೋದು ನನ್ನ ತಕರಾರು.

‘ಇಷ್ಟ’ದಿಂದಲೇ ಶುರು ಮಾಡೋಣ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ನನಗೆ ಕಾಫಿ ಇಷ್ಟ. ಇದು ತಲೆಕೆಳಗಾದ ವಾಕ್ಯ, ಇಷ್ಟಪಡುವವನು ಇಲ್ಲಿ ಕರ್ತೃ ಅಲ್ಲ ಅಂತ ಪುಸ್ತಕಗಳು ಪುಟಗಟ್ಟಲೆ ಸಮಾಧಾನ ಹೇಳುತ್ತವೆ. ನಮಗೆ ಯಾವ ಸಮಾಧಾನ ಬೇಕು? ನಾವು ಹುಟ್ಟಿದಾಗಿನಿಂದ ‘ನನಗೆ’ ಅಂತಲೇ ಹೇಳುತ್ತಿದ್ದೇವೆ. ‘ಮೆ ದುಯೆಲೆ ಲಾ ಕಬೇಸಾ’: ನನಗೆ ತಲೆ ನೋಯುತ್ತಿದೆ. ಪದಕ್ಕೆ ಪದ ಕೂತುಬಿಡುತ್ತದೆ. ಹಣ್ಣುಗಳು ಇಷ್ಟ ಅನ್ನುವಾಗ ‘ಗುಸ್ತಾ’ ಹೋಗಿ ‘ಗುಸ್ತಾನ್’ ಆಗಬೇಕು, ಅದೊಂದು ನೆನಪಿಟ್ಟರೆ ಸಾಕು.

ಇದೇ ಧೈರ್ಯದಲ್ಲಿ ಮುಂದಿನ ವಾಕ್ಯಕ್ಕೆ ಹೋದರೆ ಮಾತ್ರ ಕೈಕೊಡುತ್ತದೆ. ಹಸಿವು, ಬಾಯಾರಿಕೆ, ನಿದ್ದೆ, ಭಯ ಇವೆಲ್ಲ ನಮಗೆ ‘ನನಗೆ’ ಆಗುವಂಥವು. ಸ್ಪ್ಯಾನಿಷಿನವರು ಅದನ್ನ ಇಟ್ಟುಕೊಂಡಿರುತ್ತಾರೆ. ‘ತೆಂಗೊ ಆಂಬ್ರೆ’ ಅಂದರೆ ನನ್ನ ಹತ್ತಿರ ಹಸಿವಿದೆ ಅಂದಹಾಗೆ. (ತೆಂಗಿನಕಾಯಿ ನೆನಪಾದರೆ ಒಳ್ಳೆಯದೇ, ಪದ ಮರೆಯುವುದಿಲ್ಲ.) ಸೆಕೆಗೂ ಅದೇ: ‘ತೆಂಗೊ ಕಲೋರ್’. ಅದರ ಬದಲು ‘ಎಸ್ತೋಯ್ ಕಲಿಯೆಂತೆ’ ಅಂದರೆ ಕಾಮದ ಬಿಸಿ ಅನ್ನುವ ಅರ್ಥ ಬರುತ್ತದೆ. ಸಾರು ‘ಕಲಿಯೆಂತೆ’ ಇರಬಹುದು, ಆಫೀಸಿನಲ್ಲಿ ಕೂತ ನೀವು ಇರಬಾರದು.

ಮನುಷ್ಯರ ವಿಷಯದಲ್ಲಿ ‘ಗುಸ್ತಾ’ ಕೂಡ ಸ್ವಲ್ಪ ಅಪಾಯವೇ. ಹೊಸ ಮ್ಯಾನೇಜರ್ ಒಳ್ಳೆಯವರು, ನನಗೆ ಇಷ್ಟ ಆದರು ಅನ್ನೋದಕ್ಕೆ ‘ಮೆ ಗುಸ್ತಾ’ ಅಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಅದು ಮನಸ್ಸು ಹೋಗಿರುವ ಇಷ್ಟ. ಬರೀ ಒಳ್ಳೆಯ ಅಭಿಪ್ರಾಯಕ್ಕೆ ‘ಮೆ ಕಾಯೆ ಬಿಯೆನ್’ ಅನ್ನಬೇಕು.

ಇನ್ನು ಎಲ್ಲರೂ ಹೆದರುವ ಜೋಡಿ: ಸೆರ್ ಮತ್ತು ಎಸ್ತಾರ್. ಎರಡಕ್ಕೂ ‘ಇರು’ ಅಂತಲೇ ಅರ್ಥ ಹೇಳುತ್ತಾರೆ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್, ಇದು ಎಲ್ಲ ಕಡೆ ಸಿಗುವ ಸೂತ್ರ. ನಾನೂ ಮೊದಲ ವಾರ ಇದನ್ನೇ ಹೇಳುತ್ತೇನೆ, ಮುಂದಿನ ವಾರ ವಾಪಸ್ ತಗೊಳ್ಳುತ್ತೇನೆ. ಯಾಕೆಂದರೆ ಸತ್ತವನಿಗೆ ಸ್ಪ್ಯಾನಿಷಿನಲ್ಲಿ ‘ಎಸ್ತಾ ಮುಯೆರ್ತೊ’ ಅನ್ನುತ್ತಾರೆ. ಎಸ್ತಾರ್! ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಅಂದ್ರೆ ಸತ್ತವನು ವಾಪಸ್ ಬರ್ತಾನೇನ್ರೀ?” ಅಂದರು.

ಬರಲ್ಲ. ಆದರೆ ಕನ್ನಡದಲ್ಲಿ ನಾವೇನು ಹೇಳುತ್ತೇವೆ ನೋಡಿ. ‘ಸತ್ತಿದ್ದಾನೆ’. ಸತ್ತು ಇದ್ದಾನೆ. ಅಲ್ಲೂ ‘ಇರು’ ಕೂತಿದೆ. ಬಾಗಿಲು ಮುಚ್ಚಿದೆ, ‘ಲಾ ಪುಯೆರ್ತಾ ಎಸ್ತಾ ಸೆರ್ರಾದಾ’. ಏನೋ ಒಂದು ನಡೆದು, ಅದರಿಂದ ಉಳಿದ ಸ್ಥಿತಿಗೆ ಎರಡೂ ಭಾಷೆಯವರು ಒಂದೇ ದಾರಿ ಹಿಡಿದಿದ್ದಾರೆ. ಶಾಶ್ವತವೋ ಅಲ್ಲವೋ ಅನ್ನೋ ವೇದಾಂತ ಇಲ್ಲಿ ಬೇಕಾಗಿಲ್ಲ.

ಇದಕ್ಕಿಂತ ಒಳ್ಳೆಯ ಕೀಲಿ ಇನ್ನೊಂದಿದೆ: ನಮ್ಮ ‘ಅಲ್ಲ’ ಮತ್ತು ‘ಇಲ್ಲ’. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ. ‘ಅವನು ಡಾಕ್ಟರ್ ಅಲ್ಲ’, ಇಲ್ಲಿ ಸೆರ್. ‘ಅವನು ಮನೆಯಲ್ಲಿ ಇಲ್ಲ’, ಇಲ್ಲಿ ಎಸ್ತಾರ್. ವಾಕ್ಯವನ್ನ ನಿರಾಕರಿಸಿ ನೋಡಿ, ಬಾಯಿಗೆ ಅಲ್ಲ ಬಂತಾ, ಇಲ್ಲ ಬಂತಾ ಅಷ್ಟೇ.

ಪರೀಕ್ಷೆಗೆ ಕಷ್ಟದ ಉದಾಹರಣೆಯೇ ಇರಲಿ. ಜಾಗ ಹೇಳುವಾಗ ಎಸ್ತಾರ್ ಬಳಸಿ ಅನ್ನುತ್ತಾರೆ, ಆದರೆ ಮದುವೆ, ಮೀಟಿಂಗ್, ಪಾರ್ಟಿ ಎಲ್ಲಿ ಅಂತ ಹೇಳುವಾಗ ಸೆರ್ ಬರುತ್ತದೆ. ಪುಸ್ತಕಗಳು ಇದನ್ನ ಅಪವಾದ ಅಂತ ಪೆಟ್ಟಿಗೆ ಕಟ್ಟಿ ಹಾಕುತ್ತವೆ. ಕನ್ನಡದವರಿಗೆ ಇದು ಅಪವಾದವೇ ಅಲ್ಲ. ಕಲ್ಯಾಣ ಮಂಟಪವನ್ನ ಹುಡುಕುವಾಗ ‘ಛತ್ರ ಎಲ್ಲಿದೆ?’ ಅಂತೀವಿ. ಆದರೆ ಕರೆಯೋಲೆ ಕೈಗೆ ಬಂದಾಗ ಕೇಳುವುದು ‘ಮದುವೆ ಎಲ್ಲಿ?’ ಕ್ರಿಯಾಪದವೇ ಇಲ್ಲ. ‘ಮದುವೆ ಮೈಸೂರಲ್ಲಿ ಅಲ್ಲ, ಮಂಡ್ಯದಲ್ಲಿ’. ‘ಛತ್ರ ಊರೊಳಗೆ ಇಲ್ಲ, ಬೈಪಾಸಲ್ಲಿದೆ’. ಮೊದಲನೆಯದು ಸೆರ್, ಎರಡನೆಯದು ಎಸ್ತಾರ್. ಇದನ್ನ ಬೋರ್ಡಿನ ಮೇಲೆ ಬರೆದ ದಿನ ತರಗತಿಯಲ್ಲಿ ಒಳ್ಳೆ ಗಲಾಟೆ ಆಯಿತು, ಎಲ್ಲರೂ ತಮ್ಮ ತಮ್ಮ ವಾಕ್ಯ ಹಾಕಿ ನೋಡುವವರೇ.

‘ಇಲ್ಲ’ದ ಒಳಗೇ ಇನ್ನೊಂದು ಪದರ ಇದೆ. ಸ್ಪ್ಯಾನಿಷಿನಲ್ಲಿ ‘ಆಯ್’ ಅಂತ ಒಂದು ಪುಟ್ಟ ಪದ, ಏನೋ ಒಂದು ಇದೆ ಅನ್ನೋದಕ್ಕೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ಆಯ್. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ಎಸ್ತಾ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ, ಎರಡನೆಯದರಲ್ಲಿ ನೀವು ಹುಡುಕುತ್ತಿರುವ ಪುಸ್ತಕ. ನಾವು ಪದಗಳ ಜಾಗ ಬದಲಿಸಿ ಮಾಡುವ ಕೆಲಸವನ್ನ ಅವರು ಕ್ರಿಯಾಪದ ಬದಲಿಸಿ ಮಾಡುತ್ತಾರೆ.

ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ಗುಣವಾಚಕಗಳಿಗೆ ಬಂದರೆ ಕನ್ನಡವೇ ಸಡಿಲ. ‘ಅವಳು ಅಷ್ಟು ಎತ್ತರ ಇಲ್ಲ’ ಅಂತೀವಿ, ಸ್ಪ್ಯಾನಿಷಿಗೆ ಅಲ್ಲಿ ಸೆರ್ ಬೇಕು. ‘ಅವಳು ಚೆನ್ನಾಗಿದ್ದಾಳೆ’ ಅಂದರೆ ಆರೋಗ್ಯವೋ ರೂಪವೋ ಸಂದರ್ಭ ನೋಡಿಯೇ ತಿಳಿಯಬೇಕು. ಅವರಲ್ಲಿ ‘ಎಸ್ತಾ ಬಿಯೆನ್’ ಅಂದರೆ ಕ್ಷೇಮ, ‘ಎಸ್ ಗುವಾಪಾ’ ಅಂದರೆ ಸುಂದರಿ, ‘ಎಸ್ತಾ ಗುವಾಪಾ’ ಅಂದರೆ ಇವತ್ತು ಚೆನ್ನಾಗಿ ಕಾಣುತ್ತಿದ್ದಾಳೆ. ಕ್ರಿಯಾಪದ ಬದಲಾದರೆ ಪದದ ಅರ್ಥವೇ ಬದಲಾಗುವ ಜೋಡಿಗಳೂ ಇವೆ. ‘ಎಸ್ ಲಿಸ್ತೊ’ ಅಂದರೆ ಜಾಣ, ‘ಎಸ್ತಾ ಲಿಸ್ತೊ’ ಅಂದರೆ ರೆಡಿ. ‘ಎಸ್ ರಿಕೊ’ ಶ್ರೀಮಂತ, ಊಟ ‘ಎಸ್ತಾ ರಿಕೊ’ ಆದರೆ ರುಚಿ. ‘ಎಸ್ ಬೆರ್ದೆ’ ಹಸಿರು ಬಣ್ಣ, ಮಾವು ‘ಎಸ್ತಾ ಬೆರ್ದೆ’ ಅಂದರೆ ಇನ್ನೂ ಕಾಯಿ. (ಬರೆಯುವುದು ವ, ಹೇಳುವುದು ಬ. ಸ್ಪ್ಯಾನಿಷಿನಲ್ಲಿ ಎರಡಕ್ಕೂ ಉಚ್ಚಾರ ಒಂದೇ.) ನನಗೆ ತುಂಬಾ ಇಷ್ಟವಾದದ್ದು ‘ಮಾಲೊ’. ಅವನು ‘ಎಸ್ ಮಾಲೊ’, ಕೆಟ್ಟವನು. ಹಾಲು ‘ಎಸ್ತಾ ಮಾಲಾ’, ಕೆಟ್ಟಿದೆ. ಕನ್ನಡವೂ ಅಲ್ಲಿಂದಲೇ ಎರಡು ಕವಲು ತೆಗೆದಿದೆ.

ಮೂಲಕ್ಕೆ ಹೋದರೆ ಎಸ್ತಾರ್ ಬಂದದ್ದು ಲ್ಯಾಟಿನ್ನಿನ ‘ಸ್ತಾರೆ’ಯಿಂದ, ಅಂದರೆ ನಿಲ್ಲು. ಸೆರ್ ಒಳಗೆ ಎರಡು ಲ್ಯಾಟಿನ್ ಕ್ರಿಯಾಪದ ಬೆರೆತಿವೆ, ಅದರಲ್ಲಿ ಒಂದು ‘ಸೆದೇರೆ’, ಕೂತಿರು. ನಿಂತವನು ಎಸ್ತಾರ್, ಕೂತವನು ಸೆರ್. ನಿಂತವನು ಯಾವಾಗ ಬೇಕಾದರೂ ಹೊರಡಬಹುದು ಅಲ್ವಾ.

ಇಷ್ಟು ಹೊತ್ತು ಕನ್ನಡದ ಬೆನ್ನು ತಟ್ಟಿದ್ದಾಯಿತು. ಈಗ ನಮ್ಮ ಹಳ್ಳಗಳು.

ಎಲ್ಲಕ್ಕಿಂತ ಆಳವಾದ ಹಳ್ಳ ‘ಕೇಳು’. ಈ ನಾಲ್ಕು ವಾಕ್ಯ ನೋಡಿ. ಪಕ್ಕದ ಮನೆಯಿಂದ ಏನೋ ಸದ್ದು ಕೇಳಿತು. ಹೋಗಿ ಏನದು ಅಂತ ಕೇಳಿದೆ. ಅವರು ಹೇಳಿದ್ದನ್ನ ಪೂರ್ತಿ ಕೇಳಿದೆ. ಬರುವಾಗ ಅವರ ಏಣಿ ಕೇಳಿ ಇಸ್ಕೊಂಡು ಬಂದೆ. ಸ್ಪ್ಯಾನಿಷಿನಲ್ಲಿ ಇವು ನಾಲ್ಕು ಬೇರೆ ಬೇರೆ ಕ್ರಿಯಾಪದಗಳು: ಒಯೀರ್, ಪ್ರೆಗುಂತಾರ್, ಎಸ್ಕುಚಾರ್, ಪೆದೀರ್. ಇಂಗ್ಲಿಷಿನವರಿಗೆ ಪ್ರೆಗುಂತಾರ್–ಪೆದೀರ್ ಜೋಡಿ ಒಂದೇ ತೊಡಕು. ನಮಗೆ ನಾಲ್ಕೂ.

ಪ್ರೆಗುಂತಾರ್, ಪೆದೀರ್ ಬಿಡಿಸಲು ವಾಪಸ್ ಏನು ಬರುತ್ತದೆ ನೋಡಿ. ಉತ್ತರ ಬಂದರೆ ಪ್ರೆಗುಂತಾರ್. ವಸ್ತುವೋ ಸಹಾಯವೋ ಬಂದರೆ ಪೆದೀರ್. ದಾರಿ ಕೇಳಿದರೆ ಪ್ರೆಗುಂತಾರ್, ಹೋಟೆಲಿನಲ್ಲಿ ಬಿಲ್ ಕೇಳಿದರೆ ಪೆದೀರ್. ಸಾಲ ಕೇಳುವುದು, ಕ್ಷಮೆ ಕೇಳುವುದು ಎಲ್ಲ ಪೆದೀರ್. ಹೆಣ್ಣು ಕೇಳುವುದೂ ಅದೇ, ‘ಪೆದೀರ್ ಲಾ ಮಾನೊ’, ಅವರು ಕೈ ಕೇಳುತ್ತಾರೆ. ಸ್ಪೇನಿನಲ್ಲಿ ಒಂದು ಚಂದದ ಜೋಡಿ ಇದೆ. ‘ಪ್ರೆಗುಂತಾರ್ ಲಾ ಓರಾ’ ಅಂದರೆ ಗಂಟೆ ಎಷ್ಟು ಅಂತ ಕೇಳುವುದು. ‘ಪೆದೀರ್ ಓರಾ’ ಅಂದರೆ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳುವುದು. ಎರಡರಲ್ಲೂ ಕೇಳುವುದು ಸಮಯವನ್ನೇ.

ಕಿವಿಗೆ ಬಿದ್ದದ್ದು ಒಯೀರ್, ಕಿವಿ ಕೊಟ್ಟದ್ದು ಎಸ್ಕುಚಾರ್. ಆದರೆ ಲ್ಯಾಟಿನ್ ಅಮೆರಿಕದಲ್ಲಿ ಎರಡೂ ಕಲಸಿಹೋಗಿವೆ. ಫೋನಿನಲ್ಲಿ ದನಿ ಬರದಿದ್ದರೆ ಸ್ಪೇನಿನವರು ‘ನೊ ತೆ ಓಯ್ಗೊ’ ಅಂದರೆ, ನಮ್ಮ ಗ್ರಾಹಕರು ‘ನೊ ತೆ ಎಸ್ಕುಚೊ’ ಅಂತಲೇ ಅನ್ನುತ್ತಾರೆ. ನಿನ್ನ ಮಾತಿಗೆ ನಾನು ಗಮನ ಕೊಡಲ್ಲ ಅಂದರು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಕೇಳುಗೆ ಐದನೆಯ ಮುಖವೂ ಇದೆ. ‘ಮಕ್ಕಳು ಮಾತೇ ಕೇಳಲ್ಲ.’ ಇಲ್ಲಿ ಕಿವಿಯ ದೋಷ ಏನೂ ಇಲ್ಲ ತಾನೇ. ಅದಕ್ಕೆ ‘ಆಸೇರ್ ಕಾಸೊ’ ಅನ್ನುವ ಬೇರೆಯದೇ ನುಡಿಗಟ್ಟು. ಆರನೆಯದು ‘ಅಮ್ಮನ್ನ ಕೇಳಿದೆ ಅಂತ ಹೇಳು’. ಇದನ್ನ ‘ಪ್ರೆಗುಂತಾರ್ ಪೊರ್’ ಹಾಕಿ ಎಳೆದಾಡುವ ಬದಲು, ಅವರು ಅಂಥ ಜಾಗದಲ್ಲಿ ಹೇಳುವ ‘ಸಲೂದೊಸ್ ಆ ತು ಮಾಮಾ’ ಅನ್ನುವುದೇ ಸರಿ.

ಗೊತ್ತು ಅನ್ನುವುದನ್ನ ಬೇಗ ಮುಗಿಸುತ್ತೇನೆ. ವಿಷಯ ಗೊತ್ತು ಅಂದರೆ ಸಬೇರ್, ಜನ–ಊರು ಗೊತ್ತು ಅಂದರೆ ಕೊನೊಸೇರ್. ನಾವು ‘ಪರಿಚಯ ಇದೆ’ ಅನ್ನುವ ಕಡೆಯೆಲ್ಲ ಕೊನೊಸೇರ್ ಹೊಂದುತ್ತದೆ. ‘ನನಗೆ ಈಜು ಬರುತ್ತೆ’ ಅನ್ನುವ ‘ಬರುತ್ತೆ’ಗೂ ಸಬೇರ್. ಭೂತಕಾಲದಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ‘ಸಬೀಯಾ’ ಅಂದರೆ ಮೊದಲೇ ಗೊತ್ತಿತ್ತು, ‘ಸೂಪೆ’ ಅಂದರೆ ಆಗ ಗೊತ್ತಾಯಿತು. ‘ಕೊನೊಸೀಯಾ’ ಪರಿಚಯ ಇತ್ತು, ‘ಕೊನೊಸೀ’ ಪರಿಚಯ ಆಯಿತು. ಇತ್ತು, ಆಯಿತು. ಇಷ್ಟು ಸಲೀಸಾಗಿ ಇಂಗ್ಲಿಷಿನಲ್ಲಿ ಹೇಳೋಕಾಗಲ್ಲ.

ಈ ‘ಆಯಿತು’ ಇದೆಯಲ್ಲ, ಅದೇ ನಮ್ಮ ಎರಡನೇ ಹಳ್ಳ. ಕನ್ನಡದಲ್ಲಿ ಎಲ್ಲವೂ ‘ಆಗು’ತ್ತದೆ. ಮುಖ ಕೆಂಪಾಯಿತು, ಲಾಯರ್ ಆದ, ಜಿಪುಣನಾದ, ಅನಾಥನಾದ, ಅಧ್ಯಕ್ಷನಾದ. ಸ್ಪ್ಯಾನಿಷಿನಲ್ಲಿ ಹೇಗೆ ಆದ ಅನ್ನೋದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಬೆನಿತೊ ಹುವಾರೆಸ್ ಜೀವನ ಇದಕ್ಕೆ ಹೇಳಿ ಮಾಡಿಸಿದ ಪಾಠ. ಮೆಕ್ಸಿಕೋದ 500 ಪೆಸೋ ನೋಟಿನ ಮೇಲಿರುವ ಮುಖ ಅದು. 1806ರಲ್ಲಿ ಒಅಹಾಕಾ ಪ್ರಾಂತ್ಯದ ಗೆಲತಾವೊ ಅನ್ನುವ ಹಳ್ಳಿಯಲ್ಲಿ ಹುಟ್ಟಿದವರು, ಮನೆಮಾತು ಸಪೋತೆಕ್. ಚಿಕ್ಕ ಮಗುವಾಗಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ‘ಸೆ ಕೆದೋ ಉವೇರ್ಫಾನೊ’, ಅನಾಥನಾದ. ಕೆದಾರ್ಸೆ, ಅಂದರೆ ಕಳೆದುಕೊಂಡು ಹಾಗೇ ಉಳಿದುಬಿಟ್ಟ. ಕುರುಡನಾಗುವುದು, ವಿಧವೆಯಾಗುವುದು, ಬೋಳುತಲೆ ಆಗುವುದು ಎಲ್ಲ ಇದರಲ್ಲೇ. ಆಮೇಲೆ ಹುಡುಗ ಪಟ್ಟಣ ಸೇರಿ ಸ್ಪ್ಯಾನಿಷ್ ಕಲಿತು ಕಾನೂನು ಓದಿದ. ‘ಸೆ ಇಸೊ ಅಬೊಗಾದೊ’, ಲಾಯರ್ ಆದ. ಆಸೇರ್ಸೆ, ತಾನೇ ತನ್ನನ್ನ ಹಾಗೆ ಮಾಡಿಕೊಂಡ. 1858ರಲ್ಲಿ ಅಧ್ಯಕ್ಷ. ಅದಕ್ಕೆ ‘ಯೆಗೋ ಆ ಸೆರ್ ಪ್ರೆಸಿದೆಂತೆ’, ಬಹಳ ದೂರ ನಡೆದು ಬಂದು ಮುಟ್ಟಿದ. ಕನ್ನಡದಲ್ಲಿ ಮೂರು ಸಲ ‘ಆದ’ ಅಂದರೆ ಮುಗಿಯಿತು. ಸ್ಪ್ಯಾನಿಷಿನಲ್ಲಿ ಆ ಮೂರು ಕ್ರಿಯಾಪದಗಳೇ ಅವರ ಕಥೆಯ ಅರ್ಧವನ್ನ ಹೇಳಿಬಿಡುತ್ತವೆ.

ಕ್ಷಣದ ಬದಲಾವಣೆಗೆ ಪೊನೇರ್ಸೆ: ಮುಖ ಕೆಂಪಾಗುವುದು, ಗಾಬರಿಯಾಗುವುದು. ಸ್ವಭಾವವೇ ತಿರುಗಿದರೆ ಬೊಲ್ಬೇರ್ಸೆ: ಹುಚ್ಚನಾದ, ಜಿಪುಣನಾದ. ಗಡಿಗಳು ಅಷ್ಟು ಗಟ್ಟಿ ಅಲ್ಲ, ಸ್ಪ್ಯಾನಿಷ್ ಮಾತಾಡುವವರೇ ಅತ್ತಿತ್ತ ಮಾಡುತ್ತಾರೆ. ‘ಹೊತ್ತಾಯಿತು’ ಅನ್ನೋದಕ್ಕೆ ‘ಸೆ ಇಸೊ ತಾರ್ದೆ’, ಆಸೇರ್ಸೆ. ಹೊತ್ತು ತಾನಾಗಿ ಪ್ರಯತ್ನಪಟ್ಟಿತಾ ಅಂತ ಕೇಳಬೇಡಿ.

ಕೆದಾರ್ ಹೆಸರು ಬಂದದ್ದಕ್ಕೆ ಒಂದು ಮಾತು. ಇಷ್ಟು ಕೆಲಸ ಮಾಡುವ ಕ್ರಿಯಾಪದ ಇನ್ನೊಂದನ್ನ ನಾನು ನೋಡಿಲ್ಲ. ಐದು ನಿಮಿಷ ಉಳಿದಿದೆ ಅನ್ನೋದಕ್ಕೂ ಅದು, ಸ್ಟೇಷನ್ ದೂರ ಇದೆ ಅನ್ನೋದಕ್ಕೂ ಅದು, ಈ ಅಂಗಿ ನಿನಗೆ ಒಪ್ಪುತ್ತೆ ಅನ್ನೋದಕ್ಕೂ ಅದೇ. ಸ್ಪೇನಿನಲ್ಲಿ ‘ಕೆದಾರ್’ ಅಂದರೆ ಗೆಳೆಯರು ಸಿಗೋಣ ಅಂತ ಮಾತಾಡಿಕೊಳ್ಳುವುದು. ಹಿಂದೆ ‘ಸೆ’ ಸೇರಿಸಿ ಕೆದಾರ್ಸೆ ಮಾಡಿದರೆ ಎಲ್ಲೂ ಹೋಗದೆ ಇರುವುದು. 2020ರಲ್ಲಿ ಸ್ಪ್ಯಾನಿಷ್ ಆಡುವ ದೇಶಗಳಲ್ಲೆಲ್ಲ ‘ಕೇದಾತೆ ಎನ್ ಕಾಸಾ’ ಅಂತ ಕಂಡಿತು, ಮನೆಯಲ್ಲೇ ಇರು ಅಂತ. ಒಂದು ‘ಸೆ’ ವ್ಯತ್ಯಾಸ, ಹೊರಗೆ ಸಿಗೋಣ ಅನ್ನೋದು ಹೊರಗೆ ಬರಬೇಡ ಅಂತಾಯಿತು.

ಈ ‘ಸೆ’ಗೆ ಇಂಗ್ಲಿಷ್ ಪುಸ್ತಕಗಳು ಪಡುವ ಪಾಡು ನೋಡಿದರೆ ಅಯ್ಯೋ ಅನಿಸುತ್ತದೆ. ನಮಗೆ ‘ಕೊಳ್ಳು’ ಇದೆ. ಪಾತ್ರೆ ತೊಳೆ, ಲಬಾರ್. ಕೈ ತೊಳೆದುಕೋ, ಲಬಾರ್ಸೆ. ಎಲ್ಲ ಕಡೆ ಹೊಂದಲ್ಲ, ಆದರೆ ಶುರುವಿಗೆ ಸಾಕು. ಇನ್ನೊಂದು ‘ಸೆ’ ಇದೆ, ತಪ್ಪು ತನ್ನ ಮೇಲೆ ಬರದ ಹಾಗೆ ಹೇಳುವುದು. ‘ಸೆ ಮೆ ಒಲ್ಬಿದೋ’. ನಾನು ಮರೆತೆ ಅಂತಲ್ಲ, ನನಗೆ ಮರೆತುಹೋಯಿತು. ‘ಸೆ ಮೆ ಕಯೋ ಎಲ್ ಬಾಸೊ’, ಲೋಟ ಕೈಜಾರಿ ಬಿತ್ತು. ಬೀಳಿಸಿದವರು ಯಾರು ಅನ್ನೋದು ಎರಡೂ ಭಾಷೆಯಲ್ಲಿ ಆರಾಮಾಗಿ ತಪ್ಪಿಸಿಕೊಳ್ಳುತ್ತದೆ.

‘ಬೇಕು’ ನೋಡೋಣ. ನನಗೆ ಕಾಫಿ ಬೇಕು ಅಂದರೆ ಕೆರೇರ್. ನಾನು ಹೋಗಬೇಕು ಅಂದರೆ ‘ತೆನೇರ್ ಕೆ’. ಆದರೆ ‘ಅವನು ಈಗ ಮನೆಯಲ್ಲಿರಬೇಕು’ ಅನ್ನೋದು ಅಪ್ಪಣೆಯೋ ಊಹೆಯೋ? ಕನ್ನಡದಲ್ಲಿ ದನಿ ಕೇಳಿ ತಿಳಿಯಬೇಕು. ಸ್ಪ್ಯಾನಿಷಿನಲ್ಲಿ ‘ದೆಬೇರ್’ ಅಂದರೆ ಕರ್ತವ್ಯ, ‘ದೆಬೇರ್ ದೆ’ ಅಂದರೆ ಊಹೆ. 1713ರಿಂದ ಭಾಷೆಯ ಕಾವಲಿಗೆ ಕೂತಿರುವ ಸ್ಪೇನಿನ ರಾಯಲ್ ಅಕಾಡೆಮಿ ಹೇಳುವುದೂ ಇದನ್ನೇ. ಊಹೆಗೆ ಬರೀ ‘ದೆಬೇರ್’ ಬಳಸಿದರೂ ನಡೆಯುತ್ತದೆ ಅಂತ ಒಪ್ಪಿಕೊಂಡಿದೆ. ಕರ್ತವ್ಯಕ್ಕೆ ‘ದೆ’ ಸೇರಿಸುವುದು ಮಾತ್ರ ಅವರಿಗೆ ಒಪ್ಪಿಗೆ ಇಲ್ಲ.

ಇನ್ನು ಮಧ್ಯವರ್ತಿಯಿಂದಲೇ ಆಗುವ ಅನಾಹುತ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನ ಪರಿಚಯದ ಮೇಲ್‌ನಲ್ಲಿ ‘ಯೊ ಸೊಪೊರ್ತೊ ಆ ಲೊಸ್ ಕ್ಲಿಯೆಂತೆಸ್’ ಅಂತ ಬರೆದಿದ್ದ. ಕಸ್ಟಮರ್ ಸಪೋರ್ಟ್ ಮಾಡ್ತೀನಿ ಅಂತ ಅವನ ಲೆಕ್ಕ. ಸೊಪೊರ್ತಾರ್ ಅಂದರೆ ಸಹಿಸಿಕೊಳ್ಳುವುದು. ಗ್ರಾಹಕರನ್ನ ಹೇಗೋ ಸಹಿಸಿಕೊಂಡಿದ್ದೇನೆ ಅಂತ ಗ್ರಾಹಕರಿಗೇ ಬರೆದ ಹಾಗಾಯಿತು. ಅವರು ನಕ್ಕು, ‘ನಾವೂ ನಿಮ್ಮನ್ನ’ ಅಂತ ಉತ್ತರ ಕಳಿಸಿದರು. ಬೇಕಾಗಿದ್ದದ್ದು ಅತೆಂದೇರ್. ಇನ್ನು ಅಸಿಸ್ತೀರ್ ಅಂದರೆ ಅಸಿಸ್ಟ್ ಅಂದುಕೊಂಡಿರಾದರೆ, ಅದು ಸಾಮಾನ್ಯವಾಗಿ ಹಾಜರಾಗುವುದು. ಮೀಟಿಂಗಿಗೆ ಅಸಿಸ್ತೀರ್, ಗ್ರಾಹಕನಿಗೆ ಅತೆಂದೇರ್. ಇಂಗ್ಲಿಷ್ ಬಾರದವನು ಈ ಬಲೆಗೆ ಬೀಳುತ್ತಲೇ ಇರಲಿಲ್ಲ.

ದೇಶ ದೇಶಕ್ಕೆ ಬದಲಾಗುವವೂ ಇವೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಹಾಗಾಗಿ ಎಲ್ಲ ಕಡೆ ಒಂದೇ ಮಾತು ನಡೆಯಲ್ಲ. ಸ್ಪೇನಿನಲ್ಲಿ ಬಸ್ ಹಿಡಿಯೋಕೆ ‘ಕೊಹೇರ್’ ಅನ್ನುತ್ತಾರೆ. ಮೆಕ್ಸಿಕೋ, ಅರ್ಜೆಂಟೀನಾದಲ್ಲಿ ಅದು ಮನೆಯವರ ಮುಂದೆ ಹೇಳುವ ಪದವಲ್ಲ. ಎಲ್ಲಿಗೇ ಹೋಗಿ, ‘ತೊಮಾರ್’ ಅನ್ನಿ, ಕ್ಷೇಮ.

ಹೋಗು–ಬಾ ಕಡೆಗೆ ಬಂದರೆ, ಇಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕೂಡಿಕೊಂಡು ದಾರಿ ತಪ್ಪಿಸುತ್ತವೆ. ಫೋನಿನಲ್ಲಿ ನಾವು ‘ನಿಮ್ಮನೆಗೆ ಬರ್ತೀನಿ, ಏನು ತರಲಿ?’ ಅಂತೀವಿ. ಸ್ಪ್ಯಾನಿಷಿನಲ್ಲಿ ಮಾತಾಡುವವನು ನಿಂತ ಜಾಗವೇ ಲೆಕ್ಕ. ಅಲ್ಲಿಂದ ಹೊರಟರೆ ಹೋಗುವುದೇ, ಇಲ್ಲಿಗೆ ಬಂದರೆ ಮಾತ್ರ ಬರುವುದು. ಹಾಗಾಗಿ ‘ಬೋಯ್ ಆ ತು ಕಾಸಾ, ಕೆ ಯೆಬೊ?’ ಹೋಗ್ತೀನಿ, ಏನು ತಗೊಂಡು ಹೋಗಲಿ? ಒಳಗಿನಿಂದ ಅಮ್ಮ ಕೂಗಿದರೆ ನಾವು ಎದ್ದೇಳುವ ಮೊದಲೇ ‘ಬಂದೆ!’ ಅಂತೀವಿ, ಅದೂ ಭೂತಕಾಲದಲ್ಲಿ. ಅವರು ‘ಯಾ ಬೋಯ್’, ಈಗ ಹೋಗ್ತೀನಿ ಅಂತಾರೆ.

ಬಿಡುವಾಗಲೂ ಹಾಗೇ. ಹೋಗ್ತೀನಿ ಅನ್ನಬಾರದು, ಹೋಗ್ಬರ್ತೀನಿ ಅನ್ನಬೇಕು ಅಂತ ನಮ್ಮನ್ನ ಬೆಳೆಸಿದ್ದಾರೆ. ನರ್ಸ್ ಕೇಳಿದರು, “ಸರ್, ಹೋಗ್ಬರ್ತೀನಿಗೆ ಏನಂತಾರೆ? ‘ಅಓರಾ ಬುಯೆಲ್ಬೊ’ ಅನ್ನಬಹುದಾ?” ಪದದ ಲೆಕ್ಕದಲ್ಲಿ ಸರಿಯೇ ಇದೆ. ಆದರೆ ಅದರ ಅರ್ಥ ಒಂದು ನಿಮಿಷದಲ್ಲಿ ವಾಪಸ್ ಬಂದೆ ಅಂತ. ಆತಿಥ್ಯ ಕೊಟ್ಟವರು ನಿಮ್ಮ ಕಾಫಿ ಲೋಟ ಎತ್ತದೆ ಕಾಯುತ್ತಾ ಕೂರುತ್ತಾರೆ. ‘ಮೆ ಬೋಯ್’ ಅಂದುಬಿಡಿ, ಹೊರಟೆ ಅಂತ. ಅಲ್ಲಿ ಅದನ್ನ ಅಪಶಕುನ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಬರೀ ಹಾಗಂದರೆ ಮನಸ್ಸು ಒಪ್ಪದಿದ್ದರೆ ಹಿಂದೆ ಒಂದು ‘ನೊಸ್ ಬೇಮೊಸ್’ ಸೇರಿಸಿ, ಸಿಗೋಣ ಅಂತ.